ಚರಂಡಿ ಮೇಸ್ತ್ರಿಗೂ ನನಗೂ ಪರಿಚಯವಿಲ್ಲ

ಕಳೆದ ಶನಿವಾರ ನಮ್ಮೂರ ಪುರಸಭೆಯ ಚರಂಡಿ ಮೇಸ್ತ್ರಿ ಮಂಜಪ್ಪ ರಿಟೈರ್ ಆದ. ಹಾರ ಹಾಕಿದರಂತೆ. ಪ್ರೆಸಿಡೆಂಟರು ಭಾಷಣ ಮಾಡಿದರಂತೆ. ಉಪ್ಪಿಟ್ಟು, ಬಾಳೆಹಣ್ಣು, ಕಾಫಿ ಇತ್ತಂತೆ.

ಎಲ್ಲಾ ಬರೀ ಅಂತೆಕಂತೆ. ನಾನು ಹೋಗಿರಲಿಲ್ಲ. ಹೋಗುವ ಹಾಗಿರಲಿಲ್ಲ. ಯಾಕೆಂದರೆ ನನಗೂ ಅವನಿಗೂ ಪರಿಚಯವೇ ಇಲ್ಲ. ಹಾಗಂತ ಎರಡು ವರ್ಷದ ಹಿಂದೆ ನಾನೇ ಬಿಳಿ ಹಾಳೆಯ ಮೇಲೆ ಬರೆದು, ಕೆಳಗೆ ರುಜು ಹಾಕಿ ಕೊಟ್ಟಿದ್ದೇನೆ.

ಶುದ್ಧ ಸುಳ್ಳು. ಅದಕ್ಕೆ ಮುಂಚಿನ ಹನ್ನೆರಡು ವರ್ಷ ಆ ಮನುಷ್ಯ ದಿನಾ ಸಂಜೆ ನನ್ನ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿದ್ದಾನೆ.

(ಊರು ಯಾವುದು ಎಂದು ಕೇಳಬೇಡಿ. ಸಾಗರದವರು ಹೊಸನಗರ ಅಂದುಕೊಳ್ಳಲಿ, ಹೊಸನಗರದವರು ತೀರ್ಥಹಳ್ಳಿ ಅಂದುಕೊಳ್ಳಲಿ, ತೀರ್ಥಹಳ್ಳಿಯವರು ಹೇಗೂ ಸಾಗರ ಅಂದೇ ಅನ್ನುತ್ತಾರೆ. ಮಂಜಪ್ಪ ಅನ್ನುವುದೂ ಅವನ ಹೆಸರಲ್ಲ.)

ನನ್ನ ಕಸುಬು ನಿಮಗೆ ಗೊತ್ತೇ ಇದೆ. ತಾಲ್ಲೂಕು ಕಚೇರಿ ಎದುರು ಮೇಜು ಹಾಕಿಕೊಂಡು ಊರವರ ಅರ್ಜಿ ಬರೆಯುವುದು. ಮೂವತ್ತು ವರ್ಷವಾಯಿತು. ಜನ ನನ್ನ ಹೆಸರು ಮರೆತು 'ರೈಟ್ರು' ಎನ್ನುತ್ತಾರೆ. ಹೆಂಡತಿ ತೀರಿಹೋಗಿ ಬಹಳ ಕಾಲವಾಯಿತು, ಮಕ್ಕಳಿಲ್ಲ. ಅಣ್ಣತಮ್ಮಂದಿರು ಶರಾವತಿ ಮುಳುಗಡೆಯಲ್ಲಿ ಜಮೀನು ಕಳಕೊಂಡು, ಬದಲಿ ಜಾಗ ಸಿಕ್ಕ ಕಡೆ ಚೆದುರಿಹೋದರು. ಉಳಿದದ್ದು ಮಂಜಪ್ಪನೊಬ್ಬ.

ನಾವು ಏನು ಮಾತಾಡುತ್ತಿದ್ದೆವು? ಏನೂ ಇಲ್ಲ. ಮಂಡಗದ್ದೆಗೆ ಹಕ್ಕಿ ಬಂದವಂತೆ. ಹುಲಿಕಲ್ ಘಾಟಿಯಲ್ಲಿ ಲಾರಿ ಕೆಟ್ಟು ನಿಂತಿದೆಯಂತೆ. ಮೂರನೇ ವಾರ್ಡಿನ ಮೋರಿ ಮತ್ತೆ ಕಟ್ಟಿಕೊಂಡಿದೆಯಂತೆ. ಇಷ್ಟೇ. ಆದರೆ ಸಂಜೆ ಐದೂವರೆಗೆ ಗೇಟಿನ ಸದ್ದು ಆಗದಿದ್ದರೆ ನನಗೆ ದಿನ ಮುಗಿದ ಹಾಗೇ ಅನ್ನಿಸುತ್ತಿರಲಿಲ್ಲ.

ಇನ್ನು ಪುರಸಭೆಯ ವಿಚಾರ. ಮುಂಚೆ ನಮ್ಮಲ್ಲಿ ಒಂದು ಕ್ರಮ ಇತ್ತು. ಪುರಸಭೆಯವರಿಂದ ಯಾರಿಗಾದರೂ ತೊಂದರೆ ಆಯಿತೋ, ರೋಡ್ ರೋಲರ್ ತಾಗಿ ಕಾಂಪೌಂಡು ಬಿತ್ತೋ, ಗುಂಡಿಗೆ ಎತ್ತಿನ ಕಾಲು ಸಿಕ್ಕಿತೋ, ಆ ವಾರ್ಡಿನ ಮೆಂಬರು ಮನೆಗೆ ಬರುತ್ತಿದ್ದರು. ಮನೆಯವರು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಬೈದು ಸುಸ್ತಾದ ಮೇಲೆ ಬೆಲ್ಲ ನೀರು ಕೊಡುತ್ತಿದ್ದರು. ಮೆಂಬರು ಅದನ್ನು ಕುಡಿದು, "ತಪ್ಪಾಯ್ತು ಮಾರಾಯ್ರೇ, ನಾಳೆ ಮೇಸ್ತ್ರಿನ ಕಳಿಸ್ತೀನಿ" ಎಂದರೆ ಮುಗಿಯಿತು. ನೀರು ಕುಡಿದವರ ಮೇಲೆ ಕೋರ್ಟಿಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ.

ಆದರೆ ಎಷ್ಟು ಮನೆಗೆ ಹೋಗಿ ಬೈಸಿಕೊಳ್ಳುವುದು? ಮೆಂಬರುಗಳಿಗೆ ಬೇಸರ ಬಂತು. ಮೀಟಿಂಗಿನಲ್ಲಿ ಠರಾವು ಮಾಡಿದರು. ಇನ್ನು ಮುಂದೆ ಪುರಸಭೆಯ ಮೇಲೆ ಬರುವ ನಷ್ಟಪರಿಹಾರದ ಅರ್ಜಿಗಳನ್ನೆಲ್ಲ ಬೆಂಗಳೂರಿನ ಒಂದು ಕಂಪನಿಯವರೇ ನೋಡಿಕೊಳ್ಳುತ್ತಾರೆ. ಬುಧವಾರ ಬುಧವಾರ ಅವರ ಆಫೀಸರು ಬಂದು ಪುರಸಭೆಯ ಮಾಳಿಗೆಯಲ್ಲಿ ಕೂರುತ್ತಾರೆ. ಮೆಂಬರು, ಗುಮಾಸ್ತ, ಮೇಸ್ತ್ರಿ ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಊರಿಗೆ ಊರೇ ಹೆಮ್ಮೆಪಟ್ಟಿತು. ನಾನೂ ಪಟ್ಟೆ, ಸುಳ್ಳು ಯಾಕೆ ಹೇಳಲಿ?

ಅದಾಗಿ ತಿಂಗಳಿಗೆ ನಾನೇ ಬಿದ್ದೆ.

ಬೆಳಿಗ್ಗೆ ಹನ್ನೊಂದು ಗಂಟೆ, ಒಳ್ಳೇ ಬಿಸಿಲು. ಪೇಪರ್ ಓದಿಕೊಂಡು ನಡೆದು ಬರುತ್ತಿದ್ದೆ. (ಇದು ನನ್ನ ತಪ್ಪೇ, ಒಪ್ಪಿದೆ.) ನನ್ನ ಮನೆ ಎದುರಿನ ಚರಂಡಿಯ ಹಾಸುಗಲ್ಲು ಇರುವ ಜಾಗದಲ್ಲಿ ಕಾಲಿಟ್ಟೆ. ಹಾಸುಗಲ್ಲು ಇರಲಿಲ್ಲ. ಬಲಗಾಲಿನ ಮೂಳೆ ಲಟಕ್ಕೆಂದದ್ದು ನನಗೇ ಕೇಳಿಸಿತು.

ಸುದ್ದಿ ತಿಳಿದು ಓಡಿ ಬಂದವನು ಮಂಜಪ್ಪ. ಆಸ್ಪತ್ರೆಗೆ ಹೊತ್ತುಕೊಂಡು ಹೋದವನು ಅವನೇ. ಪ್ಲಾಸ್ಟರ್ ಹಾಕಿಸಿ, ಮನೆಗೆ ತಂದು ಮಲಗಿಸಿ, ಗಂಜಿ ಮಾಡಿ, ಹಾಸಿಗೆ ಪಕ್ಕ ಕೂತು ಗೊಳೋ ಎಂದು ಅತ್ತ.

"ತಪ್ಪು ನಂದೇ ರೈಟ್ರೇ. ಹೂಳು ತೆಗೆಸಕ್ಕೆ ಅಂತ ಕಲ್ಲು ಎತ್ತಿಸ್ದೆ. ಅಷ್ಟ್ರಲ್ಲಿ ಬಸ್‌ಸ್ಟ್ಯಾಂಡ್ ಹತ್ರ ನೀರಿನ ಪೈಪು ಒಡೀತು ಅಂತ ಕರೆದ್ರು. ಕಲ್ಲು ಮುಚ್ಚದು ಮರ್ತೇ ಹೋಯ್ತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ."

"ಏಯ್, ಸಾಕು ಮಾರಾಯ. ಕಾಲು ಮುರಿದದ್ದು ನಂದು, ಅಳೋದು ನೀನಾ?" ಎಂದೆ.

ಕಣ್ಣೊರೆಸಿಕೊಂಡು ಅವನೇ ಹೇಳಿದ. "ನೀವೊಂದು ಅರ್ಜಿ ಹಾಕಿ. ಈ ಕಲ್ಲು ಒಡೆದು ಹೋಗ್ಯದೆ, ಹೊಸದು ಹಾಕ್ಸಿ ಅಂತ ಮೂರು ವರ್ಷದಿಂದ ಬಡ್ಕಂತಿದೀನಿ. ನನ್ನ ಮಾತು ಯಾರು ಕೇಳ್ತಾರೆ? ನಿಮ್ಮ ಅರ್ಜಿಗಾದ್ರೂ ಹಾಕಸ್ತಾರೆ."

ಸರಿ. ಮಾಳಿಗೆಯಿಂದ ಫಾರಂ ತರಿಸಿದೆ.

ಈಗ ನನ್ನ ಕಸುಬಿನ ಒಂದು ಗುಟ್ಟು ಹೇಳುತ್ತೇನೆ. ಅರ್ಜಿಯಲ್ಲಿ ಯಾರಾದರೊಬ್ಬ ಸರ್ಕಾರಿ ಮನುಷ್ಯನನ್ನು ಹೊಗಳದೆ ಬಿಡಬಾರದು. ಬರೀ ದೂರು ಬರೆದರೆ ಕಾಗದ ಮೂಲೆ ಸೇರುತ್ತದೆ. ನಡುವೆ ಒಂದು ಸಾಲು, 'ಶಾನುಭೋಗರು ಧರ್ಮಾತ್ಮರು' ಎಂದು ಬಿದ್ದರೆ ಸಾಕು, ಅದು ತಾನಾಗಿ ಮುಂದೆ ಹೋಗುತ್ತದೆ. ಮೂವತ್ತು ವರ್ಷ ಹೀಗೇ ಬರೆದು ಊರಿನ ಅರ್ಧ ಜನರ ಕೆಲಸ ಮಾಡಿಸಿದ್ದೇನೆ.

ಆ ಫಾರಂನಲ್ಲಿ ಒಂದು ಕಾಲಂ ಇತ್ತು. 'ಘಟನೆಯ ನಂತರ ಪುರಸಭೆಯ ನೌಕರರು ನಿಮ್ಮೊಡನೆ ಏನಾದರೂ ಮಾತನಾಡಿದರೇ?' ಆಹಾ, ಹೊಗಳಲಿಕ್ಕೆಂದೇ ಜಾಗ ಬಿಟ್ಟಿದ್ದಾರಲ್ಲ ಅಂದುಕೊಂಡೆ! ಕೈ ಸುಮ್ಮನಿರಲಿಲ್ಲ. ಹೀಗೆ ಬರೆದೆ: 'ಮೇಸ್ತ್ರಿ ಮಂಜಪ್ಪನವರು ಅತ್ಯಂತ ಸಜ್ಜನರು. ಕಲ್ಲು ಮುಚ್ಚಲು ಮರೆತದ್ದು ತಮ್ಮದೇ ತಪ್ಪೆಂದು ನನ್ನ ಹಾಸಿಗೆಯ ಬಳಿ ಕುಳಿತು ಕಣ್ಣೀರು ಸುರಿಸಿದರು. ಇಂಥ ನೌಕರರನ್ನು ಪಡೆದ ಪುರಸಭೆಯೇ ಧನ್ಯ.'

ಎರಡು ಸಲ ಓದಿಕೊಂಡೆ. ಚೆನ್ನಾಗಿದೆ ಅನ್ನಿಸಿತು.

ಮುಂದಿನ ಬುಧವಾರ ಬೆಂಗಳೂರಿನ ಆಫೀಸರು ಮನೆಗೇ ಬಂದರು. ಸಣ್ಣಗೆ, ಬೆಳ್ಳಗೆ, ಚರ್ಮದ ಬ್ಯಾಗು. ಟೇಪು ಹಿಡಿದು ಚರಂಡಿ ಅಳೆದರು. ಬೆಲ್ಲ ನೀರು ಕುಡಿಯಿರಿ ಎಂದರೆ, "ಕ್ಷಮಿಸಿ ಸಾರ್, ಕ್ಲೇಮ್ ಹಾಕಿದವರ ಮನೇಲಿ ನಾವೇನೂ ತಗೊಳ್ಳೋ ಹಾಗಿಲ್ಲ" ಎಂದರು. ನನಗೆ ಆಗಲೇ ಅರ್ಥವಾಗಬೇಕಿತ್ತು. ನಮ್ಮ ಕಡೆ ಬದ್ಧವೈರಿಯೂ ಹೀಗೆ ನೀರು ಬೇಡ ಅನ್ನುವುದಿಲ್ಲ.

ಫಾರಂ ಓದುತ್ತಾ ಅವರ ಬೆರಳು ಒಂದು ಕಡೆ ನಿಂತಿತು. "ಇದನ್ನ ನೀವೇ ಬರೆದ್ರಾ?"

"ನಾನೇ."

"ಬಹಳ ಸ್ಪಷ್ಟವಾಗಿದೆ" ಎಂದು ತಮ್ಮ ಪುಸ್ತಕದಲ್ಲಿ ಅದನ್ನು ಹಾಗೇ ಇಳಿಸಿಕೊಂಡರು. ನಾನು ಹಿಗ್ಗಿ ಹೀರೇಕಾಯಿ ಆದೆ. ಮಂಜಪ್ಪನಿಗೆ ಪ್ರಮೋಷನ್ ಖಂಡಿತ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಆ ವಾರ ಮಂಜಪ್ಪ ಬರಲಿಲ್ಲ. ಮುಂದಿನ ವಾರವೂ ಇಲ್ಲ. ಮಲಗಿದಲ್ಲಿಂದಲೇ ಗೇಟಿಗೆ ಕಿವಿ ಕೊಟ್ಟು ಕೊಟ್ಟು ನನಗೆ ಸಿಟ್ಟು ಬಂತು. ಏನು ಜನ ಇವರು, ಕಾಲು ಮುರಿದ ಮೇಲೆ ಸ್ನೇಹ ಸಾಕಾಯ್ತೇ ಎಂದು ಒಬ್ಬನೇ ಬೈದುಕೊಂಡೆ.

ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲಿಗೆ ಅವನ ಹೆಂಡತಿ ಗೌರಮ್ಮ ಬಂದಳು. ಒಳಗೆ ಬರಲಿಲ್ಲ.

"ನಾ ಬಂದದ್ದು ಯಾರಿಗೂ ಹೇಳ್ಬೇಡಿ ರೈಟ್ರೇ. ಅವ್ರಿಗೆ ಮೆಮೊ ಬಂದದೆ. ಕಂಪನಿಯವ್ರನ್ನ ಕೇಳ್ದೇ ಮಾಡ್ದೇ ತಪ್ಪು ಒಪ್ಕಂಡು ಬಂದಾರೆ ಅಂತ. ನಿಮ್ಮ ಹತ್ರ ಒಂದು ಮಾತಾಡಿದ್ದು ಗೊತ್ತಾದ್ರೂ ಕೆಲ್ಸದಿಂದ ತೆಗಿತಾರಂತೆ. ಇನ್ನೆರಡೇ ವರ್ಷ ಇತ್ತು. ನೀವು ಎಂತಕ್ಕೆ ಹಂಗ್ ಬರೆದ್ರಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದಳು.

ಗಮನಿಸಿದಿರಾ? ಮೆಮೊ ಕಲ್ಲು ಮುಚ್ಚದೆ ಬಿಟ್ಟದ್ದಕ್ಕಲ್ಲ. ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ, ಕೋಲು ಊರಿಕೊಂಡು ಆ ಮಾಳಿಗೆ ಮೆಟ್ಟಿಲು ಹತ್ತಿದೆ. ಒಂದೊಂದು ಮೆಟ್ಟಿಲಿಗೂ ಜೀವ ಹೋಗಿ ಬಂತು. ಅರ್ಜಿ ವಾಪಸ್ ಕೊಡಿ ಎಂದೆ.

"ಅರ್ಜಿ ವಾಪಸ್ ತಗೋಬಹುದು ಸಾರ್. ಹೇಳಿಕೆ ಫೈಲಲ್ಲೇ ಇರತ್ತೆ."

"ನನಗೆ ಪರಿಹಾರ ಬೇಡ, ಕಲ್ಲೂ ಬೇಡ. ಅವನ ಕೆಲಸ ಉಳಿಬೇಕು. ಏನು ಮಾಡಬೇಕು ಹೇಳಿ."

ಅವರು ಪೆನ್ನು ಮುಚ್ಚಿ ಕೆಳಗಿಟ್ಟರು. ದನಿ ತಗ್ಗಿಸಿದರು. (ಕೆಟ್ಟ ಮನುಷ್ಯ ಅಲ್ಲ, ಇದನ್ನು ಬರೆಯಲೇಬೇಕು.) "ಆತ ನಿಮ್ಮ ಮನೆಗೆ ಬಂದೂ ಇಲ್ಲ, ಏನೂ ಹೇಳಲೂ ಇಲ್ಲ ಅಂತ ನೀವೇ ಬರೆದುಕೊಟ್ರೆ ಕೇಸು ನಿಲ್ಲಲ್ಲ. ಆದ್ರೆ ನೀವಿಬ್ಬರೂ ಸ್ನೇಹಿತರು ಅಂತ ಗೊತ್ತಾದ್ರೆ, ಉಳಿಸೋಕೆ ಬರೆದಿದಾರೆ ಅಂತಾರೆ. ಯೋಚನೆ ಮಾಡಿ."

ಯೋಚನೆ ಮಾಡಲು ಏನಿತ್ತು? ಅಲ್ಲೇ ಕೂತು ಬರೆದೆ. 'ಮೇಸ್ತ್ರಿ ಮಂಜಪ್ಪ ಎಂಬವರ ಪರಿಚಯ ನನಗಿಲ್ಲ. ಅವರು ನನ್ನ ಮನೆಗೆ ಬಂದವರಲ್ಲ. ನೋವಿನ ಭರದಲ್ಲಿ ಏನನ್ನೋ ಕಲ್ಪಿಸಿ ಬರೆದೆನು.' ಅಷ್ಟೇ. ನನ್ನ ಜೀವಮಾನದಲ್ಲಿ ಅಷ್ಟು ಚಿಕ್ಕ ಕಾಗದ ಬರೆದದ್ದಿಲ್ಲ. 'ಎಂಬವರ' ಎಂದದ್ದನ್ನು ಮತ್ತೆ ಓದಿಕೊಳ್ಳದೆ ರುಜು ಹಾಕಿ ಕೊಟ್ಟೆ.

ಮೆಮೊ ರದ್ದಾಯಿತು. ಅದರ ಹಿಂದೆಯೇ ಚರಂಡಿಗೆ ಹೊಸ ಹಾಸುಗಲ್ಲು ಬಂತು. ಸಿಮೆಂಟು ಹಾಕಿ ಕೂರಿಸಿದ್ದಾರೆ, ಆನೆ ನಡೆದರೂ ಅಲ್ಲಾಡುವುದಿಲ್ಲ.

ಆಮೇಲಿನ ಎರಡು ವರ್ಷ ಹೇಗಿತ್ತು ಎಂದು ಹೇಗೆ ಹೇಳಲಿ? ಚಿಕ್ಕ ಊರು. ಯಾರು ಯಾರ ಮನೆಗೆ ಹೋದರು ಎನ್ನುವುದು ಒಲೆ ಆರುವುದರೊಳಗೆ ಎಲ್ಲರಿಗೂ ಗೊತ್ತು. ಹಳೆಯ ಸ್ನೇಹದ ಬಗ್ಗೆ ಊರು ಬಾಯಿಬಿಡಲಿಲ್ಲ, ಆದರೆ ಮತ್ತೆ ಕೂಡಿದ್ದು ಕಂಡರೆ ಸುದ್ದಿ ಮಾಳಿಗೆ ಹತ್ತದೆ ಇರುತ್ತಿರಲಿಲ್ಲ. ಅವನು ದಿನಾ ನನ್ನ ಮನೆ ಮುಂದೆ ಹಾದು ಹೋಗುತ್ತಿದ್ದ, ಕಣ್ಣು ಚರಂಡಿಯ ಮೇಲೆ. ನಾನು ಜಗಲಿಯಲ್ಲಿ ಕೂತಿರುತ್ತಿದ್ದೆ, ಕಣ್ಣು ಪೇಪರಿನ ಮೇಲೆ. ರೇಷನ್ ಸಕ್ಕರೆಯ ಕ್ಯೂನಲ್ಲಿ ಒಂದು ಸಲ ನನ್ನ ಹಿಂದೆಯೇ ನಿಂತಿದ್ದ. ಅವನ ಕೆಮ್ಮು ನನಗೆ ಗೊತ್ತಿಲ್ಲವೇ? ಮುಕ್ಕಾಲು ಗಂಟೆ ಇಬ್ಬರೂ ಹಾಗೇ ನಿಂತೆವು. ಮನೆಗೆ ಬಂದು ನಾನು ಅತ್ತೆ. ಅರವತ್ತು ದಾಟಿದ ಗಂಡಸು, ಸಕ್ಕರೆ ಚೀಲ ಹಿಡಿದುಕೊಂಡು. ನಗಬೇಡಿ.

ಅದಕ್ಕೇ ಈ ಸೋಮವಾರ, ಅವನು ರಿಟೈರಾಗಿ ಎರಡೇ ದಿನಕ್ಕೆ, ತಡೆಯಲಾರದೆ ನಾನೇ ಅವನ ಮನೆಗೆ ಹೋದೆ. ಇನ್ನು ಯಾರ ಹೆದರಿಕೆ?

ಗೌರಮ್ಮ ಬೆಲ್ಲ ನೀರು ತಂದಳು. ಎಲೆ ಅಡಿಕೆ ತಟ್ಟೆ ಇಟ್ಟಳು. ಮಂಜಪ್ಪ ಒಂದು ಎಲೆ ತೆಗೆದು, ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ನನಗೆ ಕೊಟ್ಟ. ತಾನು ಹಾಕಿಕೊಳ್ಳಲಿಲ್ಲ.

"ಕಾಲು?"

"ಪರವಾಗಿಲ್ಲ. ಮಳೆಗಾಲದಲ್ಲಿ ಸ್ವಲ್ಪ ಎಳಿತದೆ."

ಹನ್ನೆರಡು ವರ್ಷ ಮಾತಿಗೆ ತಡಕಾಡದವರು ನಾವು.

ಕೊನೆಗೆ ಅವನೇ ಶುರು ಮಾಡಿದ. "ನಿಮ್ಮ ಕಾಗದನ ಆಫೀಸಲ್ಲಿ ಎಲ್ಲರೆದ್ರು ಓದಿದ್ರು ರೈಟ್ರೇ. ಓದಿ, 'ಏನಪ್ಪಾ, ಇವರ ಪರಿಚಯ ನಿನಗಿಲ್ಲ, ಹೌದಾ?' ಅಂದ್ರು. ನೀವು ಬರೆದದ್ದು ನನ್ನ ಉಳಿಸಕ್ಕೆ ಅಂತ ನಂಗೆ ಗೊತ್ತಿತ್ತು. ಆದ್ರೆ ನಾನೂ ತಲೆ ಆಡಿಸ್ದೆ ನೋಡಿ. ಇಲ್ಲ ಅಂದೆ. ಅಷ್ಟು ವರ್ಷ ನಿಮ್ಮನೆ ನೀರು ಕುಡ್ದವ್ನು. ಎರಡು ಸಲ ಹೇಳ್ಸಿದ್ರು, ಎರಡು ಸಲನೂ ಅಂದೆ."

"ಬಿಡೋ ಮಾರಾಯ, ಆ ಶನಿ ಮುಗೀತಲ್ಲ. ನಾಳೆಯಿಂದ ಬಾ."

"ಬರಕ್ಕಾಗಲ್ಲ ರೈಟ್ರೇ. ನಿನ್ನೆ ನಿಮ್ಮ ಗೇಟಿನವರೆಗೆ ಬಂದಿದ್ದೆ. ಇವತ್ತು ಬೆಳಿಗ್ಗೆನೂ ಬಂದಿದ್ದೆ. ಕೈ ಗೇಟಿಗೆ ಹೋಗ್ಲೇ ಇಲ್ಲ. ಯಾವ ಮುಖ ಹೊತ್ಕಂಡು ಒಳಗ್ ಬರ್ಲಿ?"

ಎಷ್ಟು ಹೇಳಿದರೂ ಕೇಳಲಿಲ್ಲ. ಅವನದು ಎಂಥ ಹಟ ಎಂದು ನನಗೆ ಗೊತ್ತು. ಏಳುವಾಗ, ಇದನ್ನು ಪೇಪರಿಗೆ ಬರೆಯಲೇ ಎಂದು ಕೇಳಿದೆ. "ಬರೀರಿ, ಹೆಸರು ಹಾಕ್ಬೇಡಿ" ಎಂದ. ಬಾಗಿಲವರೆಗೆ ಬಂದ. ಅಲ್ಲಿಂದ ಮುಂದೆ ಬರಲಿಲ್ಲ.

ಅವನ ಪೆನ್ಷನ್ ಆರ್ಡರು ಅವನ ಕೈ ಸೇರಿದೆ. ಸುಳ್ಳು ಹೇಳಿಕೆ ಕೊಟ್ಟೆ ಎಂದು ನನ್ನ ಮೇಲೆ ಕೇಸು ಹಾಕುವುದಾದರೆ ಧಾರಾಳವಾಗಿ ಹಾಕಲಿ. ವಿಚಾರಣೆಗೆಂದಾದರೂ ನಾಲ್ಕು ಜನ ನನ್ನ ಮನೆಗೆ ಬರುತ್ತಾರೆ.

ಪುರಸಭೆಯ ಮಾನ್ಯ ಸದಸ್ಯರೇ, ನಮ್ಮ ಅರ್ಜಿ ನೋಡಲು ಬೆಂಗಳೂರಿನಿಂದ ಜನ ತರಿಸಿದಿರಿ, ಬಹಳ ಸಂತೋಷ. ಸಂಜೆ ಐದೂವರೆಗೆ ನನ್ನ ಜಗಲಿಯ ಮೇಲೆ ಬಂದು ಕೂರಲು ಎಲ್ಲಿಂದ ತರಿಸುತ್ತೀರಿ?