ತೊಡೆಯ ಕಲೆಗೆ ಸಾಕ್ಷಿ

ಹಿರೋಳ್ಳಿಯ ಶರಣಪ್ಪ ಜಪಾನಿಯರ ಸೆರೆಯಲ್ಲಿ ಎಡಗೈ ಕಳೆದುಕೊಂಡು ಬಂದಿದ್ದ. ಒಂದೇ ಕೈಯಲ್ಲಿ ಒಕ್ಕಲುತನ ಸಾಗದವನಿಗೆ ಸಿಪಾಯಿ ಪಿಂಚಣಿಯೇ ಆಸರೆ. ಇಂಗ್ಲಿಷಿನಲ್ಲಿ ಅವನ ಅರ್ಜಿ ಬರೆದವಳು ನಾನು. ನಕಲು ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ. ಹಾಗಾಗಿ ನಲವತ್ತೇಳನೇ ಇಸವಿಯಲ್ಲಿ ಆ ಗಂಡ ಹೆಂಡತಿಯ ಜೊತೆ ಪಿಂಚಣಿ ಕಚೇರಿಗೂ ನಾನೇ ಹೋದೆ.

ಗುಮಾಸ್ತ ಅವನು ಸೈನ್ಯಕ್ಕೆ ಸೇರಿದಾಗಿನ ಭರ್ತಿಯ ಕಾಗದ ಓದಿದ. "ಗುರುತು ಎರಡು ಅದಾವ. ಎಡ ಮುಂಗೈ ಮ್ಯಾಲ ಮಚ್ಚಿ. ತೋರಸು."

"ಅದು ಕೈ ಸಂಗಾಟ ಹೋತ್ರಿ ಸಾಹೇಬ್ರ."

"ಹಂಗಾರ ಎರಡನೇದು. ಬಲ ತೊಡಿ ಮ್ಯಾಲ ಕಲೆ. ಧೋತರ ಎತ್ತು."

ನಾನು ಗೋಡೆಯತ್ತ ತಿರುಗಿ ನಿಂತೆ. ಆದರೂ ಶರಣಪ್ಪ ಎತ್ತಲಿಲ್ಲ.

"ಪಿಂಚಣಿ ಬ್ಯಾಡೇನಲೇ?"

"ಬೇಕ್ರಿ. ಆದ್ರ ಸೆರಿಯಾಗ ದಿನಾ ಬತ್ತಲೆ ನಿಂದ್ರಿಸಿ ಎಣಸ್ತಿದ್ರು. ಇನ್ನ ಯಾರ ಮುಂದೂ ಎತ್ತಂಗಿಲ್ರಿ."

ಅರ್ಜಿಗಾಗಿ ಅವನನ್ನು ಎಷ್ಟೆಲ್ಲ ಕೇಳಿದ್ದೆ. ಇದನ್ನು ಅವನು ಹೇಳಿರಲಿಲ್ಲ.

ಬಾಗಿಲಾಚೆ ನಿಂತಿದ್ದ ಹೆಂಡತಿ ಗುರವ್ವ ಸೆರಗಿನ ಮರೆಯಿಂದ, "ಕಲೆ ಐತ್ರಿ. ಗೇಣುದ್ದ. ಸಣ್ಣವರಿದ್ದಾಗ ಎತ್ತು ಹಾದದ್ದ್ರಿ," ಅಂದಳು.

ಕಾಗದದಲ್ಲೂ ಎತ್ತಿನ ಕೊಂಬಿನ ಗಾಯವೆಂದೇ ಇತ್ತು. ಆದರೂ ಗುಮಾಸ್ತ ಒಪ್ಪಲಿಲ್ಲ. "ಹೆಂಡ್ತಿ ಸಾಕ್ಷಿ ನಡಿಯಂಗಿಲ್ಲ. ಹೊರಗಿನವರು ಯಾರಾದ್ರೂ ಹೇಳಬೇಕು."

"ಆ ಜಾಗಾ ನೋಡೇನಿ ಅಂತ ಹೇಳೂ ಹೊರಗಿನ ಹೆಣ್ಮಗಳನ್ನ ಗುರವ್ವನ ಮುಂದ ಕರಕೊಂಡು ಬರ್ಲೇನ್ರಿ?" ಅಂದೆ.

ಗುರವ್ವ ಸೆರಗು ಸರಿಸಿ ಗಂಡನನ್ನು ದಿಟ್ಟಿಸಿದಳು. ಗುಮಾಸ್ತ ಬೇಗನೆ ಶಿಕ್ಕಾ ಒತ್ತಿದ.

ಭರ್ತಿಯ ದಿನ ಬಿಟ್ಟರೆ ಆ ಕಲೆಯನ್ನು ಸರ್ಕಾರ ಇಂದಿಗೂ ನೋಡಿಲ್ಲ. ನನ್ನ ನಕಲಿನಲ್ಲಿ ಮಾತ್ರ "ಗೇಣುದ್ದ, ಹೆಂಡತಿ ಹೇಳಿದಂತೆ" ಎಂದು ಬರೆದಿಟ್ಟಿದ್ದೇನೆ.