ನಾಲ್ಕನೆಯ ಭಾನುವಾರದ ಹಾಳೆ

ಡಿಸೆಂಬರ್ ಏಳು, ಭಾನುವಾರ, ಬೆಳಗ್ಗೆ ಏಳೂ ಹತ್ತು. ದಾಸರಹಳ್ಳಿ ಮೆಟ್ರೊ ನಿಲ್ದಾಣದಲ್ಲಿ ಹಾಜರಿದ್ದವರು ನಾನು ಮತ್ತು ನನ್ನ ಹೆಂಡತಿ ಸರೋಜ. ಹೋಗಬೇಕಾದದ್ದು ಊರಿನ ಇನ್ನೊಂದು ತುದಿಯ ಬೊಮ್ಮಸಂದ್ರಕ್ಕೆ. ಟಿಕೆಟ್ ತಲಾ ತೊಂಬತ್ತು ರೂಪಾಯಿ. ಚಳಿಗೆ ಸರೋಜ ಮಫ್ಲರ್ ಸುತ್ತಿದ್ದಳು. ಉತ್ಸಾಹದಲ್ಲಿ ನನಗೆ ಸ್ವೆಟರ್ ಕೂಡ ಬೇಡವಾಗಿತ್ತು.

ಕಾರಣ ಸುಗುಣ. ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ಡಬ್ಬಿ ಕಟ್ಟುವ ಈಕೆ ನಲವತ್ತೆಂಟನೆಯ ವಯಸ್ಸಿನಲ್ಲಿ ಸರೋಜಳಿಂದ ಫೋನಿನಲ್ಲೇ ಅಕ್ಷರ ಕಲಿತಿದ್ದಳು. ಅಂದು ಮೊದಲ ಬಾರಿ ನಮ್ಮ ಪುಟ್ಟ ಕ್ರೈಸ್ತ ಸಭೆಯ ಮುಂದೆ ಓದಬೇಕಿತ್ತು. ಮರುವಾರದಿಂದ ಕ್ರಿಸ್ಮಸ್ ಮುಗಿಯುವ ತನಕ ಭಾನುವಾರವೂ ಮುಂಜಾನೆ ಪಾಳಿ. ಅಂದು ತಪ್ಪಿದರೆ ಈ ವರ್ಷ ಇಲ್ಲ.

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರ ನಾವು ನಾಲ್ಕು ಪ್ರವಾದನೆ ಓದುತ್ತೇವೆ. ಯೇಸು ಹುಟ್ಟುವುದಕ್ಕೆ ನೂರಾರು ವರ್ಷ ಮೊದಲು, ಶತ್ರುಗಳ ಭಯದಲ್ಲಿದ್ದ ಇಬ್ರಿಯ ಜನರಿಗೆ ರಕ್ಷಕ ಬರುತ್ತಾನೆಂದು ಪ್ರವಾದಿಗಳು ಹೇಳಿದ ಮಾತುಗಳು. ಹೇಳಿದವರು ಅವನನ್ನು ನೋಡದೆಯೇ ತೀರಿಹೋದರು. ಬಂದವನು ಯೇಸುವೇ ಎಂದು ನಂಬುವ ನಾವು ಪ್ರತಿ ವರ್ಷ ಅವರ ಜೊತೆ ಮತ್ತೆ ಕಾಯಲು ಕೂರುತ್ತೇವೆ. ದಪ್ಪಕ್ಷರದ ನಾಲ್ಕು ಹಾಳೆ ನನ್ನ ವಶದಲ್ಲಿರುತ್ತವೆ. ಓದಿದವರ ಹೆಸರನ್ನು ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆಯುವುದು ಪದ್ಧತಿ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಹಾಜರಿ ಪುಸ್ತಕ ನೋಡಿಕೊಂಡವನು ನಾನು. ಎರಡನೆಯ ಹಾಳೆಯ ಬೆನ್ನಿಗೆ ಸುಗುಣಳ ಹೆಸರನ್ನು ಹಿಂದಿನ ದಿನವೇ ಬರೆದು ಮುಗಿಸಿದ್ದೆ.

ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಮಾರ್ಗದ ರೈಲು ಹಿಡಿದೆವು. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳ ಮೇಲೆ ಬಿಸಿಲು ಬಿದ್ದಿತ್ತು. ಎಂಟು ಮುಕ್ಕಾಲಿಗೆ ಬೊಮ್ಮಸಂದ್ರ. ತಟ್ಟೆ ಇಡ್ಲಿ ತಿಂದು ಒಂಬತ್ತೂ ಇಪ್ಪತ್ತಕ್ಕೆ ಸಭೆ ಸೇರುವ ಮಹಡಿ ಹತ್ತಿದೆವು. ಮಹಡಿ, ಕೆಳಗಿನ ಮನೆ ಎರಡೂ ಮುನಿಯಪ್ಪನವರದು; ಅವರದು ಹಿಂದೆ ಇಲ್ಲೇ ರಾಗಿ ಬೆಳೆಯುತ್ತಿದ್ದ ಮನೆತನ.

ಸುಗುಣ ಯೂನಿಫಾರ್ಮಿನಲ್ಲೇ ಬಂದಿದ್ದಳು. ಹತ್ತೂ ಕಾಲಿಗೆ ಕಂಪನಿ ಬಸ್ಸು. ನಾನು ಕವರಿನಿಂದ ಹಾಳೆ ತೆಗೆದೆ. ಅದು ನಾಲ್ಕನೆಯದು! ಹೆಸರು ಬರೆಯಲು ಎಲ್ಲವನ್ನೂ ಬೋರಲು ಹಾಕಿದ್ದವನು, ಬೆಳಗಿನ ಆತುರದಲ್ಲಿ ಮೇಲೆ ಬಂದಿದ್ದ ಕೊನೆಯದನ್ನು ಎತ್ತಿಕೊಂಡು ಬಂದಿದ್ದೆ. ಎರಡನೆಯ ಹಾಳೆಯ, ಕತ್ತಲಲ್ಲಿ ನಡೆವವರಿಗೆ ಬೆಳಕು ಕಾಣುವ ಪ್ರವಾದನೆಯನ್ನು ಅವಳು ಎರಡು ವಾರ ಅಭ್ಯಾಸ ಮಾಡಿದ್ದಳು. ಅಲ್ಲಿದ್ದ ಪುಸ್ತಕದ ಸಣ್ಣ ಅಕ್ಷರ ಅವಳಿಗೆ ಆಗದು.

"ತಪ್ಪು ನಂದೇ ಸುಗುಣ. ಇವತ್ತು ನಾನೇ ಓದ್ತೀನಿ," ಎಂದೆ.

"ಅಯ್ಯೋ, ಯಾಕಣ್ಣ? ಇದ್ರಲ್ಲೂ ಅದೇ ಅಕ್ಷರ ತಾನೇ? ಕೊಡಿ ಇಲ್ಲಿ."

"ದಿನಾ ನಂಗೆ ಅಚ್ಚುಕಟ್ಟು ಹೇಳ್ಕೊಡ್ತೀರಲ್ಲ, ಈಗ ನಿಮ್ದು ನೋಡ್ಕೊಳ್ಳಿ," ಎಂದು ಸರೋಜ ನನ್ನನ್ನು ಚುಚ್ಚಿದಳು.

ಹಾಡು, ಪ್ರಾರ್ಥನೆ ಮುಗಿದಾಗ ಹತ್ತೂ ಐದು. ಸುಗುಣ ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ಓದತೊಡಗಿದಳು. ಊರುಗಳಲ್ಲೆಲ್ಲ ಚಿಕ್ಕದಾದ ಬೇತ್ಲೆಹೇಮಿನಿಂದ ಆಳುವವನು ಬರುತ್ತಾನೆ ಎಂಬ ಪ್ರವಾದನೆ. ಅರ್ಧದಲ್ಲೇ ಬಸ್ಸು ಹಾರನ್ ಹೊಡೆಯಿತು. ಮತ್ತೆ ಹೊಡೆಯಿತು. ಅವಳ ಬೆರಳು ಸಾಲು ತಪ್ಪಿತು.

ಕೆಳಗಿನಿಂದ ಮುನಿಯಪ್ಪನವರ ಗಂಟಲು: "ಏಯ್, ಆರನ್ ನಿಲ್ಸಲಾ! ಅಕ್ಕ ಓದ್ತಾವ್ಳೆ, ಎಲ್ಡ್ ನಿಮಿಷ ತಡ್ಕೋ!"

ಹಾರನ್ ನಿಂತಿತು. ಸುಗುಣ ತಲೆ ಎತ್ತಿ ನಮ್ಮೆಲ್ಲರನ್ನೂ ನೋಡಿದಳು. "ಇಷ್ಟು ಚಿಕ್ಕ ಊರಿಂದ್ಲೇ ಬರ್ತಾನಂತೆ!" ಎಂದಳು, ಆ ಸುದ್ದಿ ಅಂದೇ ಬಂದಂತೆ. ಮೂವತ್ತು ಸಲ ಕೇಳಿದ್ದ ನನಗೂ ಮೈ ಜುಮ್ಮೆಂದಿತು. ಕೊನೆಯ ಪದದವರೆಗೆ ಓದಿ, ಹಾಳೆ ನನ್ನ ಕೈಗಿಟ್ಟು, ಚಪ್ಪಲಿ ಕೈಯಲ್ಲೇ ಹಿಡಿದು ಮೆಟ್ಟಿಲಿಳಿದು ಓಡಿದಳು. ಬಸ್ಸಿನ ಕಿಟಕಿಯಿಂದ ಕೈ ಬೀಸಿದ್ದು ಕಂಡಿತು.

ಮಧ್ಯಾಹ್ನ ಒಂದೂವರೆಗೆ ಮನೆ ಸೇರಿದೆವು. ಎರಡನೆಯ ಹಾಳೆ ಮೇಜಿನ ಮೇಲೆ ಬೋರಲಾಗಿ ಕಾಯುತ್ತಿತ್ತು. ಓದದವರ ಹೆಸರು ಅದರ ಮೇಲಿರಬಾರದು, ರಬ್ಬರ್ ಎತ್ತಿಕೊಂಡೆ.

"ಇರ್ಲಿ ಬಿಡಿ. ಮುಂದಿನ ವರ್ಷ ಓದ್ತಾಳೆ," ಎಂದಳು ಸರೋಜ.

ರಬ್ಬರ್ ಕೆಳಗಿಟ್ಟೆ. ನಾಲ್ಕನೆಯ ಹಾಳೆಯ ಬೆನ್ನಿಗೂ ಸುಗುಣ ಎಂದು ಬರೆದು, ನಾಲ್ಕನ್ನೂ ಕ್ರಮವಾಗಿ ಜೋಡಿಸಿ ಬೀರುವಿಗೆ ಬೀಗ ಹಾಕಿದೆ.