ಉರಿಯುವ ಕಾರಿನಿಂದ ಇಳಿಯಲು ಕಲಿಸಿದ ಅಣ್ಣ

ಅಣ್ಣನ ಒಂದು ತೋಳಿನ ಮೇಲೆ, ಮೊಣಕೈಯಿಂದ ಮಣಿಕಟ್ಟಿನವರೆಗೆ, ಕೂದಲೇ ಇಲ್ಲದ ನುಣುಪು ಚರ್ಮ ಟ್ಯೂಬ್‌ಲೈಟಿನ ಬೆಳಕಿಗೆ ಮಿರುಗುತ್ತಿತ್ತು. ಎಡತೋಳೋ ಬಲತೋಳೋ, ಈಗ ಆಣೆ ಮಾಡಿ ಹೇಳಲಾರೆ. ಗ್ಯಾಸ್ ಹೊತ್ತಿಕೊಂಡು ಸುಟ್ಟದ್ದು ಎಂದು ಅವರು ಹೇಳಿದ ನೆನಪು. ಕಾದ ಎಣ್ಣೆ ಎಂದು ಅತ್ತಿಗೆ ಹೇಳಿದ್ದೂ ನೆನಪಿದೆ. ಎರಡರಲ್ಲಿ ಒಂದನ್ನು ನಾನೇ ಕಟ್ಟಿಕೊಂಡಿರಬಹುದು.

ಅಣ್ಣ ನನ್ನ ಒಡಹುಟ್ಟಿದವರಲ್ಲ; ಉಡುಪಿ ಕಡೆಯವರು, ಮಲಾಡ್ ಸ್ಟೇಷನ್ ಹತ್ತಿರ ಅವರದೊಂದು ಹೋಟೆಲ್. ರಜೆಯಲ್ಲಿ ರೇಸ್ ಕಾರು ಓಡಿಸುವ ಹುಚ್ಚು ಅವರಿಗೂ ಇತ್ತು, ಗೋರೆಗಾಂವ್‌ನ ಆಫೀಸಿನಲ್ಲಿ ಕೂತು ಬೆನ್ನು ನೋಯಿಸಿಕೊಳ್ಳುತ್ತಿದ್ದ ನನಗೂ ಇತ್ತು. ಅವರ ಅಡುಗೆಮನೆಯಲ್ಲೊಂದು ಪದ್ಧತಿ: ಹೊಸ ಅಡುಗೆಯವನು ಮೊದಲ ದೋಸೆ ಹೊಯ್ಯುವ ಮುನ್ನ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗ್ಯಾಸಿನ ಮುಖ್ಯ ವಾಲ್ವ್ ತಡಕಿ ಬಂದ್ ಮಾಡಬೇಕು. ಅದನ್ನೇ ಕಾರಿಗೂ ತಂದರು. ಊಟದ ಗಿರಾಕಿಗಳು ಹೋಗಿ ಸಂಜೆಯವರು ಬರುವ ಮುಂಚಿನ ಬಿಡುವಿನಲ್ಲಿ, ಹೋಟೆಲಿನ ಹಿಂದಿನ ಅಂಗಳದಲ್ಲಿ, ನನ್ನ ಹೆಲ್ಮೆಟ್ಟಿನ ಗಾಜಿಗೆ ಕಪ್ಪು ಬಟ್ಟೆ ಸುತ್ತಿ ಕಾರಿನೊಳಗೆ ಕೂರಿಸುತ್ತಿದ್ದರು. ಅದಕ್ಕೂ ಮೊದಲು ಕಾಲರ್ ಎತ್ತಿ ಬನಿಯನ್ ಪರೀಕ್ಷೆ. ನೈಲಾನ್ ಆಗಿದ್ದರೆ ವಾಪಸ್ಸು. ಬೆಂಕಿಗೆ ಅದು ಕರಗಿ ಮೈಗೆ ಅಂಟುತ್ತದೆ.

ಮೊದಲ ದಿನ ಅವರು "ಬೆಂಕಿ!" ಎಂದು ಕೂಗಿದಾಗ ನನ್ನ ಕೈ ಎಡ ಸೊಂಟಕ್ಕೆ ಹೋಯಿತು. ದಿನವೂ ಓಡಿಸುವ ಕಾರಿನಲ್ಲಿ ಬೆಲ್ಟಿನ ಕೊಂಡಿ ಇರುವುದು ಅಲ್ಲಿ. ರೇಸ್ ಕಾರಿನಲ್ಲಿ ಅದು ಹೊಟ್ಟೆಯ ನಡುವೆ.

"ಎಂತ ಮಾರಾಯ, ಟ್ಯಾಕ್ಸಿಯಿಂದ ಇಳಿಯುವುದಾ? ಮೀಟರ್ ನೋಡ್ಲಿಕ್ಕುಂಟಾ?" ಎಂದರು ಅಣ್ಣ.

ನನ್ನ ಧಾರವಾಡದ ನಾಲಿಗೆ ಸುಮ್ಮನಿರಲಿಲ್ಲ. "ಅಣ್ಣಾ, ಟ್ರ್ಯಾಕ್ ಮ್ಯಾಲೆ ಮಾರ್ಷಲ್ ಇರ್ತಾರಲ್ರೀ, ಬೆಂಕಿ ಆರಸ್ಲಿಕ್ಕೆ."

"ಇರ್ತಾರೆ. ಅವರು ಬರುವವರೆಗೆ ಒಳಗೆ ಕೂತು ಪೇಪರ್ ಓದ್ತೀಯಾ? ಯಾರೂ ಬರುವುದಿಲ್ಲ ಅಂತಲೇ ಕಲಿ. ಪುನಃ ಕೂತ್ಕೋ."

ಕಣ್ಣು ಕಾಣದೆಯೇ ಮಾಡಬೇಕಾದ ಕ್ರಮ ಇದು: ಇಂಜಿನ್ ಸ್ವಿಚ್, ಬೆಲ್ಟ್, ಸ್ಟಿಯರಿಂಗ್ ಕಳಚುವುದು, ಕಿಟಕಿಯ ಬಲೆ, ಬಾಗಿಲು. ಕೆಲವೊಮ್ಮೆ ಬಲಬಾಗಿಲಿಗೆ ತಾವೇ ಒರಗಿ ನಿಂತುಬಿಡುತ್ತಿದ್ದರು. ನಾನು ಬೈದುಕೊಳ್ಳುತ್ತ ಎಡಗಡೆಯಿಂದ ತೆವಳಿ ಬರಬೇಕು. ಹೊರಬಂದವನ ಕೈಗೆ ಬಿಸಿ ಕಾಫಿ ಇಡುತ್ತಿದ್ದರು.

ಕಳೆದ ದೀಪಾವಳಿಗೆ ಮೊದಲು ಅಣ್ಣ ಹೃದಯಾಘಾತದಿಂದ ತೀರಿಕೊಂಡರು. ಆಮೇಲಿನ ಮೊದಲ ರೇಸಿನಲ್ಲೇ ನನ್ನ ಕಾರಿನ ಪೆಟ್ರೋಲ್ ಪೈಪ್ ಕಳಚಿ ಬೆಂಕಿ ಹತ್ತಿತು. ಕಾಲಿಗೆ ತಾಗಿದ ಕಾವು ನೆನಪಿದೆ, ಹುಲ್ಲಿನ ಮೇಲೆ ನಿಂತು ಕೆಮ್ಮುತ್ತಿದ್ದುದು ನೆನಪಿದೆ. ನಡುವಿನದು ಪೂರ್ತಿ ಅಳಿಸಿದೆ. ಅಣ್ಣ ಮಾಡಿಸಿದ ಅಭ್ಯಾಸವೇ ಉಳಿಸಿತು ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಹೇಳುತ್ತ ಹೇಳುತ್ತ ನನಗೇ ಅನುಮಾನ ಹತ್ತಿತು. ಯಾರಾದರೂ ನನ್ನನ್ನು ಹೊರಗೆ ಎಳೆದು ಹಾಕಿದ್ದರೆ?

ಅದೇ ಅಂಗಳದಲ್ಲಿ ಈಗ ಅಣ್ಣನ ಮಗಳು ಹೆಲ್ಮೆಟ್ ಹಾಕಿ ಕೂರುತ್ತಾಳೆ, "ಬೆಂಕಿ!" ಎಂದು ಕೂಗುವವನು ನಾನು. ಒಂದು ದಿನ ಅತ್ತಿಗೆ ಹಿಂಬಾಗಿಲಲ್ಲಿ ನಿಂತು ಕೇಳಿದರು: "ಇದರಿಂದ ಹುಡುಗಿ ನಿಜವಾಗಿ ಹೊರಗೆ ಬರ್ತಾಳಾ? ಸುಮ್ಮನೆ ಸಮಾಧಾನಕ್ಕೆ ಹೇಳ್ಬೇಡ."

ನನ್ನ ಕಾರು ಹೊತ್ತಿಕೊಂಡ ದಿನ ಟ್ರ್ಯಾಕ್‌ನಲ್ಲಿದ್ದ ಮಾರ್ಷಲ್‌ನನ್ನು ಹುಡುಕಿಕೊಂಡು ಮುಲುಂಡ್‌ಗೆ ಹೋದೆ. ಅವನೊಬ್ಬನ ಮಾತು ಸಾಲದೆಂದು ಜೊತೆಗಿದ್ದ ಇನ್ನೊಬ್ಬನಿಗೂ ಫೋನ್ ಮಾಡಿದೆ. ಮುಲುಂಡ್‌ನ ಆ ಬಿಲ್ಡಿಂಗ್ ಕೆಳಗೆ ನಿಂತೇ ಅತ್ತಿಗೆಗೆ ಫೋನಿನಲ್ಲಿ ತಿಳಿಸಿದೆ; ಬಹಳ ದಿನಗಳ ಮೇಲೆ ಎದೆ ಹಗುರಾಗಿತ್ತು. ಇಬ್ಬರೂ ಹೇಳಿದ್ದು ಒಂದೇ: ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಎಲ್ಲರಿಗಿಂತ ಮೊದಲು ಅವರು ತಲುಪಿದಾಗ ಕಾರು ಉರಿಯುತ್ತಿತ್ತು, ಸೀಟು ಖಾಲಿಯಿತ್ತು.